ಅರಣ್ಯ ಹಕ್ಕಿನ ಅರ್ಜಿ: ಹಾಡಿಯ ಸಭೆಯಿಂದ ಹಕ್ಕುಪತ್ರದವರೆಗೆ

ಕಾಡಂಚಿನ ಆದಿವಾಸಿ ನೆಲೆಗಳಾದ ಹಾಡಿ, ಪೋಡುಗಳಲ್ಲಿ ಅರಣ್ಯ ಹಕ್ಕಿನ ಮಾತು ಬಂದರೆ ಮೊದಲು ಕೇಳಿಬರುವ ಪ್ರಶ್ನೆ, ಅರ್ಜಿ ನಮೂನೆ ಎಲ್ಲಿ ಸಿಗುತ್ತದೆ ಎಂಬುದು. ನಮೂನೆಗೇನೂ ಬರವಿಲ್ಲ, ಅದನ್ನು ಪುಕ್ಕಟೆಯಾಗಿ ಒದಗಿಸುವುದು ಉಪವಿಭಾಗಾಧಿಕಾರಿ ಅಧ್ಯಕ್ಷತೆಯ ಉಪವಿಭಾಗ ಮಟ್ಟದ ಸಮಿತಿಯ ಕರ್ತವ್ಯ. ಆದರೆ ಅರ್ಜಿ ಉಳಿಯುತ್ತದೋ ಬೀಳುತ್ತದೋ ಎಂಬುದು ಬಹುಪಾಲು ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲೇ ತೀರ್ಮಾನವಾಗಿಬಿಡುತ್ತದೆ. ಸಭೆಗೆ ಕೋರಂ, ಅಂದರೆ ಕನಿಷ್ಠ ಹಾಜರಾತಿ, ಇತ್ತೇ, ಸ್ಥಳ ಮಹಜರಿಗೆ ಸಹಿಗಳು ಬಿದ್ದಿವೆಯೇ, ನಿರ್ಣಯದಲ್ಲಿ ವಿಸ್ತೀರ್ಣ ಮತ್ತು ಚಕ್ಕುಬಂದಿ ಬರೆದಿದೆಯೇ? ಈ ಮೂರೂ ಸರಿಯಿದ್ದರೆ ಮೇಲಿನ ಸಮಿತಿಗಳಿಗೆ ಅರ್ಜಿಯನ್ನು ತಳ್ಳಿಹಾಕುವುದು ಸುಲಭವಲ್ಲ. ಆದ್ದರಿಂದ ಈ ಲೇಖನದಲ್ಲಿ ಸಭೆಗೂ ಸಾಕ್ಷ್ಯಕ್ಕೂ ಹೆಚ್ಚು ಜಾಗ, ಫಾರಂ ತುಂಬುವುದಕ್ಕೆ ಕಡಿಮೆ.

ನಾವು ಮಾತನಾಡುತ್ತಿರುವುದು ಕಾಡನ್ನು ನಂಬಿ ಬದುಕುವವರ ಹಕ್ಕುಗಳನ್ನು ಮಾನ್ಯ ಮಾಡುವ 2006ರ ಅರಣ್ಯ ಹಕ್ಕು ಕಾಯ್ದೆಯ ಬಗ್ಗೆ. ಅದು ಜಾರಿಗೆ ಬಂದದ್ದು 2007ರ ಡಿಸೆಂಬರ್ 31ರಂದು. ನಿಯಮಗಳು ಬಂದದ್ದು 2008ರ ಜನವರಿ 1ರಂದು. ಆ ನಿಯಮಗಳಿಗೆ 2012ರ ಸೆಪ್ಟೆಂಬರ್‌ನಲ್ಲಿ ದೊಡ್ಡ ತಿದ್ದುಪಡಿಯಾಯಿತು. ಕೆಳಗೆ ಹೇಳುವ ಅರ್ಜಿದಾರರ ಪರವಾದ ಅಂಶಗಳಲ್ಲಿ ಹಲವು ಅಲ್ಲಿಂದಲೇ ಬಂದವು. ಹಳೆಯ ಪುಸ್ತಿಕೆ ಹಿಡಿದು ವಾದಿಸುವವರು ಕಚೇರಿಗಳಲ್ಲಿ ಇದ್ದೇ ಇರುತ್ತಾರೆ. ನಿಮ್ಮ ಕೈಯಲ್ಲಿರುವುದು ತಿದ್ದುಪಡಿಯಾದ ಪ್ರತಿಯೇ ಎಂದು ಮೊದಲು ನೋಡಿಕೊಳ್ಳಿ.

ನಿಮ್ಮ ಜಮೀನು, ನಿಮ್ಮ ವರ್ಗ

ಜಮೀನು ಕಂದಾಯದ್ದೋ ಅರಣ್ಯದ್ದೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಬಗರ್ ಹುಕುಂ ಸಾಗುವಳಿಯ ನಮೂನೆ 50, 53, 57 ಇರುವುದು ಕಂದಾಯ ಜಮೀನಿಗೆ. ಅರಣ್ಯದ ಸರ್ವೆ ನಂಬರಿಗೆ ಆ ನಮೂನೆಯಲ್ಲಿ ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರಿದ್ದಾರೆ. ಸಾಗುವಳಿ ಜಮೀನಿಗೆ ಹೊಂದಿಕೊಂಡ ಕುಮ್ಕಿ, ಬಾಣೆ, ಸೊಪ್ಪಿನ ಬೆಟ್ಟದಂಥ ನೆಲಗಳದ್ದು ಬೇರೆಯೇ ಕಾನೂನು, ಅದನ್ನು ಇಲ್ಲಿಗೆ ಎಳೆದು ತರಬೇಡಿ. ಮೀಸಲು ಅರಣ್ಯ, ರಕ್ಷಿತ ಅರಣ್ಯ, ಡೀಮ್ಡ್ ಅರಣ್ಯ, ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಇವೆಲ್ಲವೂ ಅರಣ್ಯ ಹಕ್ಕು ಕಾಯ್ದೆಯೊಳಗೆ ಬರುತ್ತವೆ. ‘ಇದು ಹುಲಿ ಮೀಸಲು, ಇಲ್ಲಿ ಆ ಕಾಯ್ದೆ ನಡೆಯುವುದಿಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಅರ್ಜಿದಾರರಲ್ಲಿ ಎರಡು ವರ್ಗ. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಆ ಜಮೀನಿನ ಅನುಭೋಗದಲ್ಲಿದ್ದಿರಬೇಕು. ಉಳಿದವರು, ಅಂದರೆ ಇತರೆ ಪಾರಂಪರಿಕ ಅರಣ್ಯವಾಸಿಗಳು, ಅದರ ಜೊತೆಗೆ ಅದೇ ದಿನಾಂಕಕ್ಕೆ ಹಿಂದಿನ ಮೂರು ತಲೆಮಾರು ಕಾಡನ್ನು ನಂಬಿ ಬದುಕಿದ್ದನ್ನೂ ತೋರಿಸಬೇಕು. ಒಂದು ತಲೆಮಾರಿಗೆ 25 ವರ್ಷ. ಒಟ್ಟು 75 ವರ್ಷ, ಅಂದರೆ 1930ರಿಂದ. ಜಾತಿ ಪಟ್ಟಿಯ ಒಂದು ಗೆರೆ ಇಲ್ಲಿ ಎಷ್ಟು ವ್ಯತ್ಯಾಸ ಮಾಡುತ್ತದೆ ಎಂಬುದಕ್ಕೆ ಉತ್ತರ ಕನ್ನಡವೇ ಸಾಕ್ಷಿ. ಅಲ್ಲಿನ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅದೇ ಕಾಡಿನ ನೆರೆಯಲ್ಲಿ ಬದುಕುವ ಕುಣಬಿಗಳು ಪಟ್ಟಿಯಲ್ಲಿಲ್ಲದ ಕಾರಣ 75 ವರ್ಷದ ಪುರಾವೆ ಹೊತ್ತು ತಿರುಗಬೇಕಾಗಿದೆ.

ಈ 75 ವರ್ಷದ ವಿಚಾರದಲ್ಲಿ ಒಂದು ದೊಡ್ಡ ಗೊಂದಲವಿದೆ. ಕಾಯ್ದೆ ಕೇಳುವುದು ಕುಟುಂಬದ ವಾಸ ಮತ್ತು ಅವಲಂಬನೆಯ 75 ವರ್ಷವನ್ನು. ಇದೇ ಎರಡೆಕರೆಯನ್ನು ಇದೇ ಕುಟುಂಬ 75 ವರ್ಷದಿಂದ ಉತ್ತಿದೆಯೇ ಎಂದು ಅದು ಕೇಳುವುದಿಲ್ಲ. ಜಮೀನಿನ ಅನುಭೋಗಕ್ಕೆ ಎಲ್ಲರಿಗೂ ಒಂದೇ ದಿನಾಂಕ, 2005ರ ಡಿಸೆಂಬರ್ 13. ಅರ್ಜಿಗೆ ಕಚೇರಿ ಬರೆದು ಕೊಡುವ ಉತ್ತರದಲ್ಲಿ, ಅಂದರೆ ಹಿಂಬರಹದಲ್ಲಿ, ‘75 ವರ್ಷದ ಸಾಗುವಳಿ ದಾಖಲೆ ಇಲ್ಲ’ ಎಂದು ಬರೆದಿದ್ದರೆ ಆ ಕಾರಣವೇ ತಪ್ಪು.

ಸಿಗುವ ಜಮೀನಿಗೆ ನಾಲ್ಕು ಹೆಕ್ಟೇರ್ ಗರಿಷ್ಠ ಮಿತಿ, ಹತ್ತಿರ ಹತ್ತಿರ ಹತ್ತು ಎಕರೆ. ಅನುಭೋಗದಲ್ಲಿ ಇರುವುದು ಎರಡೆಕರೆಯಾದರೆ ಎರಡೇ ಎಕರೆ. ಇರುವುದಕ್ಕಿಂತ ಹೆಚ್ಚು ಬರೆದರೆ ಮಹಜರಿನ ದಿನ ಇಡೀ ಅರ್ಜಿಯ ಮೇಲೆ ಸಂಶಯ ಬರುತ್ತದೆ.

ಮೊದಲ ಹೆಜ್ಜೆ: ಹಾಡಿಯಲ್ಲೇ ಸಭೆ

ಬಹಳ ಕಡೆ ಎಡವುವುದು ಇಲ್ಲಿ. ಹಲವು ಹಳ್ಳಿಗಳು ಸೇರಿದ ಒಂದು ಗ್ರಾಮ ಪಂಚಾಯಿತಿಯ ಕಚೇರಿಯಲ್ಲಿ ಸಭೆ ಸೇರಿಸುತ್ತಾರೆ. ಹಾಡಿಯವರು ಹಿಂದಿನ ಸಾಲಿನಲ್ಲಿ ನಿಂತಿರುತ್ತಾರೆ. ವಸತಿ ಯೋಜನೆಯ ಪಟ್ಟಿ, ಕುಡಿಯುವ ನೀರು ಎಲ್ಲಾ ಮುಗಿದ ಮೇಲೆ ಕೊನೆಯ ವಿಷಯವಾಗಿ ಅರಣ್ಯ ಹಕ್ಕು ಬರುತ್ತದೆ. ಆ ಹೊತ್ತಿಗೆ ಕೋರಂ ಇರುವುದಿಲ್ಲ.

ಕಾಯ್ದೆಯ ವ್ಯಾಖ್ಯೆಯಲ್ಲಿ ‘ಗ್ರಾಮ’ ಎಂದರೆ ಕಂದಾಯ ಗ್ರಾಮ ಮಾತ್ರವಲ್ಲ. ಅರಣ್ಯ ಗ್ರಾಮ, ಹಳೆಯ ವಾಸಸ್ಥಾನ, ಸರ್ವೆಯಾಗದ ಊರು, ಅಧಿಸೂಚನೆ ಆಗಿರಲಿ ಬಿಡಲಿ, ಅವೂ ಗ್ರಾಮಗಳೇ. ಕೇಂದ್ರ ಬುಡಕಟ್ಟು ಸಚಿವಾಲಯ 2012ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಪಂಚಾಯಿತಿ ದೊಡ್ಡದಿದ್ದಲ್ಲಿ ವಾಸಸ್ಥಾನದ ಮಟ್ಟದಲ್ಲೇ ಗ್ರಾಮಸಭೆ ನಡೆಯಲಿ ಎನ್ನುತ್ತದೆ. ಹಾಗಾಗಿ ಪಂಚಾಯಿತಿಗೆ ಬರವಣಿಗೆಯಲ್ಲಿ ಕೇಳಿ: ‘ನಮ್ಮ ಹಾಡಿಗೆ ಪ್ರತ್ಯೇಕ ಅರಣ್ಯ ಹಕ್ಕು ಗ್ರಾಮಸಭೆ ಕರೆಯಿರಿ.’ ಕೊಟ್ಟ ಪತ್ರಕ್ಕೆ ಮೊಹರು ಹಾಕಿಸಿಕೊಂಡು ಸ್ವೀಕೃತಿ ಪಡೆಯಿರಿ. ಉಪವಿಭಾಗಾಧಿಕಾರಿ ಕಚೇರಿಗೂ ಒಂದು ಪ್ರತಿ ಹೋಗಲಿ.

ಮೊದಲ ಸಭೆಯ ಕೆಲಸ ಅರಣ್ಯ ಹಕ್ಕು ಸಮಿತಿಯನ್ನು ಆರಿಸುವುದು. ಹತ್ತರಿಂದ ಹದಿನೈದು ಸದಸ್ಯರು. ಮೂರರಲ್ಲಿ ಎರಡು ಪಾಲು ಪರಿಶಿಷ್ಟ ಪಂಗಡದವರು, ಕನಿಷ್ಠ ಮೂರನೇ ಒಂದು ಪಾಲು ಹೆಂಗಸರು. ಅಧ್ಯಕ್ಷ, ಕಾರ್ಯದರ್ಶಿಯನ್ನು ಸಮಿತಿಯೇ ಆರಿಸಿ ಉಪವಿಭಾಗ ಮಟ್ಟದ ಸಮಿತಿಗೆ ತಿಳಿಸಬೇಕು. ಕಾರ್ಯದರ್ಶಿ ಓದು ಬರಹ ಬಲ್ಲವರಾಗಿದ್ದರೆ ಸಾಲದು, ಹಾಡಿಯಲ್ಲೇ ಇರುವವರಾಗಿರಲಿ; ಮೈಸೂರಿನಲ್ಲಿ ಕೆಲಸದಲ್ಲಿರುವ ಪದವೀಧರನನ್ನು ಹೆಮ್ಮೆಗೆ ಆರಿಸಿದರೆ ಮಹಜರಿನ ದಿನ ಪುಸ್ತಕ ಅವನ ಕೋಣೆಯಲ್ಲಿ ಉಳಿಯುತ್ತದೆ. ಸಮಿತಿಯ ಸದಸ್ಯರೇ ಅರ್ಜಿದಾರರಾಗಿದ್ದರೆ ಅಡ್ಡಿಯಿಲ್ಲ. ಆದರೆ ಅವರ ಅರ್ಜಿಯ ಪರಿಶೀಲನೆ ನಡೆಯುವಾಗ ಅವರು ಭಾಗವಹಿಸುವಂತಿಲ್ಲ, ಮತ್ತು ಹಾಗೆ ಹೊರಗುಳಿದದ್ದನ್ನು ಪುಸ್ತಕದಲ್ಲಿ ಬರೆಯಬೇಕು.

ಕೋರಂ ಲೆಕ್ಕ: ಗ್ರಾಮಸಭೆಯ ಒಟ್ಟು ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಹಾಜರಿರಬೇಕು, ಹಾಜರಿದ್ದವರಲ್ಲಿ ಕನಿಷ್ಠ ಮೂರನೇ ಒಂದು ಭಾಗ ಹೆಂಗಸರಿರಬೇಕು. ಅರ್ಜಿಗಳ ಬಗ್ಗೆ ನಿರ್ಣಯ ಮಾಡುವ ಸಭೆಯಲ್ಲಿ ಅರ್ಜಿದಾರರು ಅಥವಾ ಅವರ ಪ್ರತಿನಿಧಿಗಳಲ್ಲಿ ಅರ್ಧದಷ್ಟಾದರೂ ಇರಬೇಕು. ಮತದಾರರ ಪಟ್ಟಿಯ ಪ್ರತಿ ಇಟ್ಟುಕೊಂಡು ಎಣಿಸಿ, ಆ ಎಣಿಕೆಯನ್ನೇ ನಡಾವಳಿಯ ಮೊದಲ ಸಾಲಿನಲ್ಲಿ ಬರೆಯಿರಿ: ಒಟ್ಟು ಇಷ್ಟು ಮತದಾರರು, ಹಾಜರು ಇಷ್ಟು, ಹೆಂಗಸರು ಇಷ್ಟು, ಅರ್ಜಿದಾರರು ಇಷ್ಟು. ಸಹಿ ಹಾಗೂ ಹೆಬ್ಬೆಟ್ಟು ಅದರ ಕೆಳಗೆ. ಕಾಫಿ ಕೊಯ್ಲಿಗೆ, ಶುಂಠಿ ಕೆಲಸಕ್ಕೆ ಜನ ಹೊರಗೆ ಹೋಗುವ ತಿಂಗಳುಗಳಲ್ಲಿ ಸಭೆ ಇಡಬೇಡಿ.

ಅರ್ಜಿ ಆಹ್ವಾನಿಸಿದ ಮೇಲೆ ಮೂರು ತಿಂಗಳ ಅವಧಿ ಇರುತ್ತದೆ. ಕಾರಣ ಬರೆದು ಗ್ರಾಮಸಭೆಯೇ ಅದನ್ನು ವಿಸ್ತರಿಸಬಹುದು. ‘ಅರ್ಜಿ ಹಾಕುವ ಕಾಲ ಮುಗಿಯಿತು’ ಎಂಬ ಮಾತು ಕಚೇರಿಗಳಲ್ಲಿ ಬಹಳ ಚಾಲ್ತಿಯಲ್ಲಿದೆ. ಕಾಯ್ದೆಯಲ್ಲಿ ಅಂಥ ಕಡೆಯ ದಿನಾಂಕ ಇಲ್ಲ.

ಎರಡನೆಯದು: ಸಾಕ್ಷ್ಯ ಕೂಡಿಸುವುದು

ವೈಯಕ್ತಿಕ ಹಕ್ಕಿಗೆ ನಮೂನೆ ಎ, ಸಮುದಾಯ ಹಕ್ಕಿಗೆ ನಮೂನೆ ಬಿ, ಸಮುದಾಯ ಅರಣ್ಯ ಸಂಪನ್ಮೂಲದ ಹಕ್ಕಿಗೆ ನಮೂನೆ ಸಿ. ತುಂಬುವುದು ಕಷ್ಟವಲ್ಲ. ವೈಯಕ್ತಿಕ ಅರ್ಜಿಯಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರಲಿ. ಹಕ್ಕುಪತ್ರ ಜಂಟಿಯಾಗಿಯೇ ಬರಬೇಕೆಂಬುದು ಕಾನೂನು.

ಹದಿಮೂರನೇ ನಿಯಮದಲ್ಲಿ ಸಾಕ್ಷ್ಯಗಳ ಉದ್ದನೆಯ ಪಟ್ಟಿ ಇದೆ. ಅದರಲ್ಲಿ ಒಂದಕ್ಕಿಂತ ಹೆಚ್ಚು ಬಗೆಯ ಸಾಕ್ಷ್ಯ ಇದ್ದರೆ ಸಾಕು, ಇಂಥದ್ದೇ ಕಾಗದ ಬೇಕೆಂದು ಪಟ್ಟು ಹಿಡಿಯುವ ಅಧಿಕಾರ ಯಾವ ಸಮಿತಿಗೂ ಇಲ್ಲ. ಮತದಾರರ ಚೀಟಿ, ಪಡಿತರ ಚೀಟಿ, ಮನೆ ಕಂದಾಯದ ರಸೀದಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು, ಜಮೀನೇ ಒಂದು ಸಾಕ್ಷ್ಯ ಎಂಬುದು: ಹಾಕಿದ ಬದು, ಸಮ ಮಾಡಿದ ನೆಲ, ಕಟ್ಟಿದ ಒಡ್ಡು, ಗುಡಿಸಲು, ಬಾವಿ, ಸ್ಮಶಾನ, ದೇವರ ಬನ. ಇವನ್ನೆಲ್ಲ ಮಹಜರಿನಲ್ಲಿ ಬರೆಸಬೇಕು, ಫೋಟೊ ತೆಗೆದಿಡಬೇಕು.

ಅರಣ್ಯ ಇಲಾಖೆ ಹಾಕಿದ ದಂಡದ ರಸೀದಿ, ಒತ್ತುವರಿ ಕೇಸು ಇದ್ದರೆ ಮುಚ್ಚಿಡಬೇಡಿ. 2005ಕ್ಕೆ ಮೊದಲಿನ ತಾರೀಖಿನ ಕೇಸು ಇದ್ದರೆ ನೀವು ಅಲ್ಲಿ ಇದ್ದಿರೆಂದು ಇಲಾಖೆಯೇ ಬರೆದುಕೊಟ್ಟ ಹಾಗಾಯಿತು. ಅಂಥ ಕಾಗದ ಇರುವುದಾಗಲಿ ಇಲ್ಲದಿರುವುದಾಗಲಿ ಒಂದೇ ಕಾರಣವಾಗಿ ಅರ್ಜಿ ತಿರಸ್ಕರಿಸುವಂತಿಲ್ಲ. ಉಪಗ್ರಹ ಚಿತ್ರವೂ ಅಷ್ಟೇ, ಬೇರೆ ಸಾಕ್ಷ್ಯಕ್ಕೆ ಪೂರಕ, ಬದಲಿ ಅಲ್ಲ. ಮರದ ನೆರಳಿನಲ್ಲಿ ಕಾಫಿಯನ್ನೋ ಮೆಣಸನ್ನೋ ಬೆಳೆದವನ ಜಮೀನು ಮೇಲಿನಿಂದ ಕಾಡಿನಂತೆಯೇ ಕಾಣುತ್ತದೆ.

ಹಳೆಯ ದಾಖಲೆ ಹುಡುಕುವವರು ತಮ್ಮ ಊರು ಹಿಂದೆ ಯಾರ ಆಡಳಿತದಲ್ಲಿತ್ತು ಎಂಬುದರಿಂದ ಶುರು ಮಾಡಬೇಕು. ಉತ್ತರ ಕನ್ನಡ ಮುಂಬಯಿ ಪ್ರಾಂತದಲ್ಲಿತ್ತು; ದಕ್ಷಿಣ ಕನ್ನಡ ಮದ್ರಾಸಿನಲ್ಲಿ. ಕೊಳ್ಳೇಗಾಲ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಪಕ್ಕದ ಯಳಂದೂರು ಮೈಸೂರು ಸಂಸ್ಥಾನಕ್ಕೆ. ಕೊಡಗಿನದ್ದು ಪ್ರತ್ಯೇಕ ಆಡಳಿತ. ಗೆಜೆಟಿಯರ್, ಜನಗಣತಿ ವರದಿ, ಅರಣ್ಯದ ಕಾರ್ಯಯೋಜನೆ, ಸಂಸ್ಥಾನದ ನಕಾಶೆ, ಇವೆಲ್ಲ ಮಾನ್ಯ ಸಾಕ್ಷ್ಯ. ಅರಣ್ಯ ಇಲಾಖೆಯ ಹಳೆಯ ಕಾರ್ಯಯೋಜನೆಯಲ್ಲಿ ನಿಮ್ಮ ಹಾಡಿಯ ಹೆಸರು ಕೂಲಿಯಾಳುಗಳ ನೆಲೆಯಾಗಿ ಬಂದಿರಬಹುದು. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಅರ್ಜಿ ಹಾಕಿ ಆ ಪುಟಗಳ ದೃಢೀಕೃತ ಪ್ರತಿ ಕೇಳಿ. ಸರ್ಕಾರ ಅಥವಾ ನ್ಯಾಯಾಲಯ ನೇಮಿಸಿದ ಸಮಿತಿಗಳ ವರದಿಯೂ ಕೆಲಸಕ್ಕೆ ಬರುತ್ತದೆ: ನಾಗರಹೊಳೆಯಿಂದ ಹೊರಬಿದ್ದ ಆದಿವಾಸಿಗಳ ಬಗ್ಗೆ ಹೈಕೋರ್ಟ್ ನೇಮಿಸಿದ್ದ ಪ್ರೊ. ಮುಜಾಫರ್ ಅಸಾದಿ ಸಮಿತಿಯ ವರದಿ ಆ ಭಾಗದವರಿಗೆ ಬಹಳ ಮುಖ್ಯ.

ಇನ್ನು ಹಿರಿಯರ ಹೇಳಿಕೆ. ಅರ್ಜಿದಾರರಲ್ಲದ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಮಾನ್ಯ ಸಾಕ್ಷ್ಯ. ಆದರೆ ಎಲ್ಲಾ ಅರ್ಜಿಗೂ ಒಂದೇ ಜೆರಾಕ್ಸ್ ಹೇಳಿಕೆ ಲಗತ್ತಿಸಿದರೆ ಅದಕ್ಕೆ ಬೆಲೆ ಇರುವುದಿಲ್ಲ. ‘ಅನಾದಿ ಕಾಲದಿಂದ ಇದ್ದಾರೆ’ ಎಂಬಂಥ ಮಾತು ಬೇಡ. ಹೆಗ್ಗಡದೇವನಕೋಟೆ ಕಡೆಯ ಹಾಡಿಯೊಂದರಲ್ಲಿ ಹೇಳಿಕೆ ಹೀಗಿರಬಹುದು:

‘ನಾನು ಹುಟ್ಟಿದ್ದು ಇದೇ ಹಾಡಿಯಲ್ಲಿ. ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದಾಗ ನನಗೆ ಮೀಸೆ ಮೂಡುವ ವಯಸ್ಸು. ಆಗಲೇ ಅರ್ಜಿದಾರನ ತಂದೆ ಈ ಹೊಲದಲ್ಲಿ ರಾಗಿ ಬಿತ್ತುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ಹೊಲದ ಮೂಡಲಿಗೆ ಹಳ್ಳ, ಪಡುವಲಿಗೆ ಮಾರಮ್ಮನ ಕಲ್ಲು, ಬಡಗಲಿಗೆ ನನ್ನ ತಮ್ಮನ ಹೊಲ, ತೆಂಕಲಿಗೆ ತೇಗದ ತೋಪು. ತೋಪು ನೆಟ್ಟದ್ದು ಆಮೇಲೆ. ಗುಂಡಿ ತೆಗೆಯಲು ನಾವೇ ಕೂಲಿಗೆ ಹೋಗಿದ್ದೆವು.’

ಕಾಡಾನೆಗಳನ್ನು ಹಿಡಿಯುವ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ ಎಂಬುದು ಊರಿಗೆಲ್ಲ ಗೊತ್ತಿರುವ ಸಂಗತಿ, ಹೀಗಾಗಿ ಹುಟ್ಟಿದ ತಾರೀಖೇ ಗೊತ್ತಿಲ್ಲದ ಅಜ್ಜನ ಮಾತಿಗೂ ಇಸವಿ ಸಿಕ್ಕಿತು. ಕಬಿನಿ ಅಣೆಕಟ್ಟೆ ಕಟ್ಟಿದ್ದು, ಕಾವೇರಿಯ ಸೀಮೆಯಾದರೆ 1924ರ ದೊಡ್ಡ ನೆರೆ, ಇಂಥವನ್ನು ಹಿಡಿದು ಕೇಳಿ. 75 ವರ್ಷ ತೋರಿಸಬೇಕಾದವರು ಅಜ್ಜ, ಮುತ್ತಜ್ಜನವರೆಗೆ ವಂಶವೃಕ್ಷ ಬರೆದು, ಹಳೆಯ ದಾಖಲೆಯಲ್ಲಿರುವ ಯಾವುದಾದರೂ ಒಂದು ಹೆಸರಿಗೆ ಅದನ್ನು ಜೋಡಿಸಬೇಕು.

ಮೂರನೆಯದು: ಸ್ಥಳ ಪರಿಶೀಲನೆ

ಅರಣ್ಯ ಹಕ್ಕು ಸಮಿತಿ ಅರ್ಜಿ ಪಡೆದು ಸ್ವೀಕೃತಿ ಕೊಟ್ಟ ಮೇಲೆ, ಅರ್ಜಿದಾರರಿಗೂ ಅರಣ್ಯ ಮತ್ತು ಕಂದಾಯ ಇಲಾಖೆಗಳಿಗೂ ನೋಟಿಸು ಕೊಟ್ಟು ಜಮೀನಿಗೆ ಹೋಗಬೇಕು. ಅಧಿಕಾರಿಗಳು ಹಾಜರಿದ್ದು ಹುದ್ದೆ, ತಾರೀಖು, ಅಭಿಪ್ರಾಯ ಸಮೇತ ಮಹಜರಿಗೆ ಸಹಿ ಹಾಕಬೇಕೆಂಬುದು ನಿಯಮ. ಬರದಿದ್ದರೆ? ಬಹಳ ಸಲ ಬರುವುದಿಲ್ಲ. ಹಾಗಾದಾಗ ಅವರು ಗೈರಾದದ್ದನ್ನು ಬರೆದು, ನೋಟಿಸಿನ ಸ್ವೀಕೃತಿ ಪ್ರತಿ ಲಗತ್ತಿಸಿ ಕೆಲಸ ಮುಗಿಸಿ. ‘ನಾವು ಇರಲಿಲ್ಲ’ ಎಂದು ಆಮೇಲೆ ಅವರು ಆಕ್ಷೇಪ ಎತ್ತಿದರೆ ಅರ್ಜಿ ಮರುಪರಿಶೀಲನೆಗೆ ಗ್ರಾಮಸಭೆಗೇ ಹಿಂದಿರುಗುತ್ತದೆ. ಎರಡನೇ ಸಲವೂ ಬರದಿದ್ದರೆ ಸ್ಥಳ ಪರಿಶೀಲನೆಯ ಮಟ್ಟಿಗೆ ಗ್ರಾಮಸಭೆಯ ತೀರ್ಮಾನವೇ ಅಂತಿಮ. ಈ ಒಂದು ನಿಯಮಕ್ಕಾಗಿಯೇ ಸ್ವೀಕೃತಿಯ ಪ್ರತಿಗಳನ್ನು ಜೋಪಾನ ಮಾಡಬೇಕು.

ಜಿಪಿಎಸ್ ಇಲ್ಲವೆಂದು ನಿಲ್ಲಬೇಡಿ. ಗುರುತಿಸಬಹುದಾದ ಹಳ್ಳ, ಬಂಡೆ, ಮರಗಳನ್ನು ತೋರಿಸುವ ಕೈನಕ್ಷೆ ಸಾಕು.

ಬಳಿಕ ಎರಡನೇ ಗ್ರಾಮಸಭೆ, ಒಂದೊಂದು ಅರ್ಜಿಯ ಮೇಲೂ ಪ್ರತ್ಯೇಕ ನಿರ್ಣಯ. ‘ಮೇಲ್ಕಂಡ ಎಲ್ಲಾ ಅರ್ಜಿಗಳನ್ನು ಶಿಫಾರಸು ಮಾಡಲಾಗಿದೆ’ ಎಂಬ ಒಂದೇ ಸಾಲು ನಿಮಗೇ ಮುಳುವಾಗುತ್ತದೆ.

ಸಮುದಾಯದ ಹಕ್ಕನ್ನು ಜೊತೆಗೇ ಕೇಳಿ

ನನ್ನನ್ನು ಕೇಳಿದರೆ ನಮೂನೆ ಸಿ ಮೊದಲು ಹೋಗಬೇಕು, ನಮೂನೆ ಎ ಅದರ ಹಿಂದೆ. ಎರಡೆಕರೆಯ ಹಕ್ಕುಪತ್ರ ಒಂದು ಮನೆಗೆ ಆಸರೆ ನಿಜ. ಆದರೆ ಜೇನು, ನೆಲ್ಲಿ, ಸೀಗೆ, ಅಂಟುವಾಳ, ಗೆಡ್ಡೆ ಗೆಣಸು, ದನದ ಮೇವು, ದೇವರ ನೆಲೆ, ಇವೆಲ್ಲ ಇರುವುದು ಆ ಎರಡೆಕರೆಯ ಹೊರಗೆ. ಕಾಡನ್ನು ಕಾಯುವ, ನಿರ್ವಹಿಸುವ ಅಧಿಕಾರ ಗ್ರಾಮಸಭೆಗೆ ಸಿಗುವುದೂ ಸಮುದಾಯ ಅರಣ್ಯ ಸಂಪನ್ಮೂಲದ ಹಕ್ಕಿನಿಂದಲೇ.

ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದ ಸೋಲಿಗರದ್ದು ಇದಕ್ಕೆ ಒಳ್ಳೆಯ ಉದಾಹರಣೆ. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ಹೊಲ ಬದಲಿಸುವ ಬೇಸಾಯ ನಿಂತಿತು. ಆಮೇಲೆ ಕಿರು ಅರಣ್ಯ ಉತ್ಪನ್ನ ಸಂಗ್ರಹಕ್ಕೂ ನಿಷೇಧ ಬಂತು. 2011ರ ಆರಂಭದಲ್ಲಿ ಹುಲಿ ಮೀಸಲು ಘೋಷಣೆಯಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು, ಹುಲಿ ಮೀಸಲಿನೊಳಗೆ ಇದೇ ಮೊದಲು. ಅವರ ಬಳಿ ಇದ್ದ ದೊಡ್ಡ ಬಲವೆಂದರೆ ಎಲ್ಲೆಗಳ ಜ್ಞಾನ. ಒಂದೊಂದು ಕುಲದ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಕರೆಯುವ ಪವಿತ್ರ ತಾಣಗಳು ಎಲ್ಲೆಲ್ಲಿವೆ ಎಂಬುದನ್ನು ಹಿರಿಯರು ಬಲ್ಲರು. ಅದನ್ನು ನಕ್ಷೆಗೆ ಇಳಿಸಲಾಗಿತ್ತು. ನೀವು ಮಾಡಬೇಕಾದದ್ದೂ ಇದನ್ನೇ. ಹಿರಿಯರ ಜೊತೆ ಗಡಿ ಸುತ್ತಿ ಬನ್ನಿ, ಹೆಸರುಗಳನ್ನು ಅವರು ಹೇಳಿದಂತೆಯೇ ಬರೆಯಿರಿ. ಜೇನು ಬಲ್ಲ ಹೆಂಗಸರನ್ನೂ ಗೆಣಸು ಬಲ್ಲವರನ್ನೂ ಬಿಟ್ಟು ಹೋಗಬೇಡಿ. ಯಜಮಾನರಿಗೆ ಗೊತ್ತಿಲ್ಲದ ಜಾಗ ಅವರಿಗೆ ಗೊತ್ತಿರುತ್ತದೆ. ಪಕ್ಕದ ಹಾಡಿಯ ಗಡಿ ಒಳಹೊಕ್ಕಿದ್ದರೆ ಎರಡೂ ಸಮಿತಿ ಒಟ್ಟಿಗೆ ಕೂತು ಬರೆದುಕೊಳ್ಳಬೇಕು. ಈ ಜಗಳವನ್ನು ಮೇಲಕ್ಕೆ ಕಳಿಸಿದರೆ ಎರಡೂ ಅರ್ಜಿ ಧೂಳು ತಿನ್ನುತ್ತವೆ.

ಜೇನು ಕುರುಬ ಮತ್ತು ಕೊರಗ ಸಮುದಾಯದವರು ಇನ್ನೊಂದನ್ನೂ ಕೇಳಬಹುದು. ವಿಶೇಷ ದುರ್ಬಲ ಬುಡಕಟ್ಟುಗಳಿಗೆ ಇಡೀ ಪಾರಂಪರಿಕ ನೆಲೆಯ ಮೇಲೆ ಆವಾಸಸ್ಥಾನದ ಹಕ್ಕಿದೆ. ಅದನ್ನು ನೋಡಿಕೊಳ್ಳುವ ಹೊಣೆ ಜಿಲ್ಲಾ ಮಟ್ಟದ ಸಮಿತಿಯದ್ದು. 2005ಕ್ಕೆ ಮೊದಲೇ ಕಾನೂನುಬಾಹಿರವಾಗಿ ಒಕ್ಕಲೆಬ್ಬಿಸಿಕೊಂಡು ಈಗ ಕಾಫಿ ತೋಟದ ಲೈನ್ ಮನೆಯಲ್ಲಿ ಇರುವವರಿಗೂ ಹಕ್ಕಿದೆ. ಮೂರನೇ ಪ್ರಕರಣದ ‘ಎಂ’ ಖಂಡ ಅವರಿಗಾಗಿಯೇ ಇರುವುದು. 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ಜೇನು ಕುರುಬ ಕುಟುಂಬಗಳು ಮರಳಿ ಹೋಗಿ ಗುಡಿಸಲು ಕಟ್ಟಿದಾಗ ಎದ್ದ ಪ್ರಶ್ನೆಯೂ ಇದೇ. ಅಂಥವರ ಅರ್ಜಿಗೆ ಹಳೆಯ ಹಾಡಿಯ ಸ್ಮಶಾನ, ದೇವರ ಕಲ್ಲು, ಬಾವಿ ಪ್ರಧಾನ ಸಾಕ್ಷ್ಯ.

ತಿರಸ್ಕಾರವಾದರೆ

ಗ್ರಾಮಸಭೆಯಿಂದ ಅರ್ಜಿ ಉಪವಿಭಾಗಾಧಿಕಾರಿ ಅಧ್ಯಕ್ಷತೆಯ ಸಮಿತಿಗೆ, ಅಲ್ಲಿಂದ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿಗೆ ಹೋಗುತ್ತದೆ. ವಲಯ ಅರಣ್ಯಾಧಿಕಾರಿಗಾಗಲಿ ಬೇರೆ ಯಾವ ಒಬ್ಬ ಅಧಿಕಾರಿಗಾಗಲಿ ಅರ್ಜಿ ತಿರಸ್ಕರಿಸುವ ಅಧಿಕಾರವಿಲ್ಲ. ದಾಖಲೆ ಸಾಲದಿದ್ದರೆ ಸಮಿತಿ ಅದನ್ನು ಗ್ರಾಮಸಭೆಗೆ ಮರಳಿಸಬೇಕು, ಕೈಬಿಡುವಂತಿಲ್ಲ. ತಿರಸ್ಕರಿಸಿದರೆ ವಿವರವಾದ ಕಾರಣದೊಂದಿಗೆ ಅರ್ಜಿದಾರರಿಗೆ ಬರವಣಿಗೆಯಲ್ಲಿ ತಿಳಿಸಬೇಕು.

ಹಿಂಬರಹ ಕೈಗೆ ಬಂದ ತಾರೀಖನ್ನು ಅದರ ಮೇಲೆಯೇ ಬರೆದಿಡಿ. ಗ್ರಾಮಸಭೆಯ ನಿರ್ಣಯದ ವಿರುದ್ಧ ಉಪವಿಭಾಗ ಸಮಿತಿಗೆ 60 ದಿನ, ಅದರ ತೀರ್ಮಾನದ ವಿರುದ್ಧ ಜಿಲ್ಲಾ ಸಮಿತಿಗೆ 60 ದಿನ. ವಿಚಾರಣೆಗೆ ಕನಿಷ್ಠ 15 ದಿನ ಮೊದಲು ನೋಟಿಸು ಬರಬೇಕು. ಜಿಲ್ಲಾ ಸಮಿತಿಯದ್ದು ಅಂತಿಮ ತೀರ್ಮಾನವಾದರೂ ಹೈಕೋರ್ಟಿನ ಬಾಗಿಲು ಮುಚ್ಚುವುದಿಲ್ಲ. ಪರಿಶಿಷ್ಟ ಪಂಗಡದವರಿಗೂ ಎಲ್ಲ ಹೆಂಗಸರಿಗೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ತಿರಸ್ಕಾರದ ಸುದ್ದಿ ಬಾಯಿಮಾತಿನಲ್ಲಿ ಮಾತ್ರ ಬಂದಿದ್ದರೆ, ತೀರ್ಮಾನದ ಪ್ರತಿಯನ್ನೂ ಆ ದಿನದ ಸಮಿತಿ ನಡಾವಳಿಯನ್ನೂ ಮಾಹಿತಿ ಹಕ್ಕಿನಲ್ಲಿ ಕೇಳಿ ತೆಗೆದುಕೊಳ್ಳಿ. ಮೇಲ್ಮನವಿಗೆ ಅದೇ ಆಧಾರ.

ಈ ನಡುವೆ ಯಾರಾದರೂ ಒಕ್ಕಲೆಬ್ಬಿಸಲು ಬಂದರೆ ತೋರಿಸಬೇಕಾದದ್ದು ನಾಲ್ಕನೇ ಪ್ರಕರಣದ ಐದನೇ ಉಪಪ್ರಕರಣ. ಮಾನ್ಯತೆ ಮತ್ತು ಪರಿಶೀಲನೆಯ ಪ್ರಕ್ರಿಯೆ ಪೂರ್ತಿಯಾಗುವವರೆಗೆ ಯಾರನ್ನೂ ತೆರವುಗೊಳಿಸುವಂತಿಲ್ಲ. ತಿರಸ್ಕೃತ ಅರ್ಜಿದಾರರನ್ನು ತೆರವು ಮಾಡಬೇಕೆಂದು 2019ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟ್ ಹೊರಡಿಸಿದ ಆದೇಶವನ್ನು ಅದೇ ತಿಂಗಳ 28ರಂದು ಅದೇ ನ್ಯಾಯಾಲಯ ತಡೆಹಿಡಿಯಿತು. ಮೊದಲ ಆದೇಶದ ಪ್ರತಿ ಮಾತ್ರ ಹಿಡಿದು ಹೆದರಿಸುವವರಿಗೆ ಎರಡನೆಯದನ್ನು ತೋರಿಸಿ. ಪರಿಶಿಷ್ಟರ ಅರಣ್ಯ ಹಕ್ಕಿನ ಅನುಭೋಗಕ್ಕೆ ಅಡ್ಡಿ ಮಾಡುವುದು ದೌರ್ಜನ್ಯ ತಡೆ ಕಾಯ್ದೆಯಡಿಯೂ ಅಪರಾಧ. ಅರಣ್ಯ ಹಕ್ಕು ಕಾಯ್ದೆಯಲ್ಲೇ ತಪ್ಪಿತಸ್ಥ ಅಧಿಕಾರಿಗೆ ಇರುವ ದಂಡ ಹೆಚ್ಚೆಂದರೆ ಒಂದು ಸಾವಿರ ರೂಪಾಯಿ. ಅದಕ್ಕೆ ಯಾರು ಹೆದರುತ್ತಾರೆ?

ಹಕ್ಕುಪತ್ರ ಬಂದ ದಿನ

ಮೊದಲು ವಿಸ್ತೀರ್ಣ, ಚಕ್ಕುಬಂದಿ, ಇಬ್ಬರ ಹೆಸರು ಸರಿಯಿದೆಯೇ ನೋಡಿ. ಮೂರೆಕರೆಗೆ ಗ್ರಾಮಸಭೆ ನಿರ್ಣಯವಿದ್ದು ಕೈಗೆ ಬಂದದ್ದು ಮೂವತ್ತು ಗುಂಟೆಯಾದರೆ ಅದೂ ಒಂದು ಬಗೆಯ ತಿರಸ್ಕಾರವೇ. ಕಾರಣ ಕೇಳಿ, ಹಕ್ಕುಪತ್ರ ಪಡೆದ ಮೇಲೂ ಮೇಲ್ಮನವಿ ಹಾಕಿ. ಈ ಜಮೀನು ಮಕ್ಕಳಿಗೆ ಬರುತ್ತದೆ, ಮಾರಲು ಬರುವುದಿಲ್ಲ. ಅಗ್ರಿಮೆಂಟು ಬರೆಸಿಕೊಳ್ಳಲು ಬರುವವರನ್ನು ಅಂಗಳದಲ್ಲೇ ನಿಲ್ಲಿಸಿ ಕಳುಹಿಸಿ.

ಬಹಳ ಜನ ಮರೆಯುವ ಕೊನೆಯ ಕೆಲಸವೊಂದಿದೆ. ಹಕ್ಕುಪತ್ರ ಕೊಟ್ಟ ಮೇಲೆ ಹೆಚ್ಚೆಂದರೆ ಮೂರು ತಿಂಗಳೊಳಗೆ ಅದನ್ನು ಕಂದಾಯ ಮತ್ತು ಅರಣ್ಯ ಎರಡೂ ಇಲಾಖೆಗಳ ದಾಖಲೆಯಲ್ಲಿ ಸೇರಿಸಿ, ಅಂತಿಮ ನಕ್ಷೆ ಮಾಡಬೇಕು. ತಾನಾಗಿ ಆಗುತ್ತದೆಂದು ಕಾಯಬೇಡಿ. ಹಕ್ಕುಪತ್ರದ ಪ್ರತಿ ಲಗತ್ತಿಸಿ ತಹಶೀಲ್ದಾರರಿಗೊಂದು, ಉಪ ಅರಣ್ಯ ಸಂರಕ್ಷಣಾಧಿಕಾರಿಗೊಂದು ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಸಮುದಾಯದ ಹಕ್ಕಾದರೆ ಪತ್ರ ಗ್ರಾಮಸಭೆಯ ಹೆಸರಿನಲ್ಲಿ ಹೋಗಲಿ, ಕಾಡಿನ ನಿರ್ವಹಣೆಗೆ ಗ್ರಾಮಸಭೆ ಆರಿಸಿದ ಸಮಿತಿಯ ಹೆಸರುಪಟ್ಟಿಯೂ ಅದರ ಜೊತೆಗಿರಲಿ. ಮುಂದೆ ಜೇನೋ ಸೀಗೆಯೋ ಸಾಗಿಸುವಾಗ ರಹದಾರಿ, ಅಂದರೆ ಸಾಗಣೆಯ ಪರವಾನಗಿ, ಕೊಡಬೇಕಾದದ್ದು ಆ ಸಮಿತಿಯೇ.